ಕೆಸರೇಡಿಯ ಮರಿಗಳ ಆಹಾರಕ್ರಮ

ಕುಮಟೆಯ ಅಘನಾಶಿನೀ ಅಳಿವೆಯ ಬದಿಯಲ್ಲಿ ಗಜನಿ ಭೂಮಿಯುಳ್ಳವರಿಗೆ ಏಡಿಯೆಂದೊಡನೆ ನೆನಪಾಗುವುದು ಕಟ್ಟೆಯ ತೂತು ಮತ್ತು ಅದರ ದುರಸ್ತಿಯ ಖರ್ಚು. ಆದರೆ ತುಳುವರು ದೆಂಜಿಯೆಂದೂ ಕೊಂಕಣಿಗರು ಕುರ್ಲಿಯೆಂದೂ ಕರೆಯುವ ಈ ಪ್ರಾಣಿಗೆ ಪೇಟೆಯಲ್ಲಿ ಒಳ್ಳೆಯ ಬೆಲೆಯುಂಟು. ಮರಿಗಳನ್ನು ಹೊಂಡದಲ್ಲಿ ಬಿಟ್ಟು ಬೆಳೆಸಹೊರಟವರು ಕಡೆಗೆ ಲೆಕ್ಕ ತಪ್ಪಿದಾಗ ಕಳ್ಳರನ್ನು ದೂರುವುದುಂಟು. ಕಳ್ಳನು ಬಹುಮಟ್ಟಿಗೆ ಹೊಂಡದೊಳಗೇ ಇರುತ್ತಾನೆ.

ತಾಯಿ ಏಡಿಯು ಮೊಟ್ಟೆಯೊಡೆಸಲು ಸಮುದ್ರಕ್ಕೆ ಹೋಗುವುದು. ಅಲ್ಲಿ ಹುಟ್ಟಿದ ಡಿಂಭಗಳು ನೀರಿನಲ್ಲಿ ತೇಲುತ್ತ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿಂದು, ಐದು ಹಂತಗಳನ್ನು ದಾಟಿ, ಬಳಿಕ ಏಡಿಯ ರೂಪವನ್ನು ಹೊಂದಿ ಅಳಿವೆಯ ಕಾಂಡ್ಲಾಗಿಡಗಳ ಬೇರಿನ ಮರೆಯನ್ನು ಸೇರುತ್ತವೆ. ಅಲ್ಲಿ ಹುಳು, ಸಣ್ಣ ಸೀಗಡಿ, ಚಿಪ್ಪಿನ ಮರಿ, ಕೊಳೆತ ಪದಾರ್ಥ, ಏನು ಸಿಕ್ಕಿದರೂ ಆಹಾರವೇ. ತಮಿಳುನಾಡಿನ ಶೀರ್ಕಾಳಿಯ ಬಳಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದ ಮರಿ ಉತ್ಪಾದನಾಶಾಲೆಯುಂಟು. ಇಂಥ ಶಾಲೆಗಳಲ್ಲಿ ಡಿಂಭಗಳಿಗೆ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನೂ ಆಮೇಲೆ ಆರ್ಟೀಮಿಯಾದ ಮರಿಗಳನ್ನೂ ಉಣಿಸುತ್ತಾರೆ. ಇದು ರೈತರ ಕೈಕೆಲಸವಲ್ಲ. ಅವರು ಮರಿಗಳನ್ನು ಕೊಂಡು ಬೆಳೆಸುವುದೇ ಲೇಸು.

ಏಡಿಯು ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಲೇಬೇಕು. ಮರಿಗಳಿಗೆ ಇದು ಪದೇಪದೇ ಬರುವ ಕಾರ್ಯ. ಕಳಚಿದ ಕೂಡಲೆ ಮೈ ಮೆತ್ತಗಾಗಿ ಓಡಲೂ ಕಚ್ಚಲೂ ಆಗದೆ ಬಿದ್ದಿರುವಾಗ ಹಸಿದ ಜೊತೆಗಾರನು ಬಂದು ತಿಂದುಬಿಡುತ್ತಾನೆ. ಹೊಟ್ಟೆತುಂಬ ಹಾಕಿದರೆ ಈ ಹಾನಿ ಪೂರ್ತಿ ನಿಲ್ಲದಿದ್ದರೂ ಬಹಳ ತಗ್ಗುವುದು. ಹೊಂಡದಲ್ಲಿರುವ ಮರಿಗಳ ತೂಕ 10 ಕಿಲೋ ಇದ್ದರೆ ದಿನಕ್ಕೆ 1 ಕಿಲೋದಷ್ಟು ಹೆಚ್ಚಿದ ಅಗ್ಗದ ಮೀನನ್ನೋ ಚಿಪ್ಪಿನ ಮಾಂಸವನ್ನೋ ಹಾಕತಕ್ಕದ್ದು. ಬೆಳೆದಂತೆ ಈ ಪ್ರಮಾಣವನ್ನು ಅರ್ಧಕ್ಕೆ ಇಳಿಸಬಹುದು. ಏಡಿಯು ರಾತ್ರಿ ತಿರುಗುವ ಪ್ರಾಣಿಯಾದ್ದರಿಂದ ಹೆಚ್ಚಿನ ಪಾಲನ್ನು ಸಂಜೆಯೇ ಕೊಡಬೇಕು. ಒಂದೇ ಮೂಲೆಯಲ್ಲಿ ಸುರಿದರೆ ಬಲಿಷ್ಠವಾದವೇ ತಿಂದು ಮುಗಿಸುವವು. ಸುತ್ತಲೂ ಹರಡುವುದು ಅಗತ್ಯ. ಬೆಳಗ್ಗೆ ಉಳಿದುದನ್ನು ತೆಗೆಯದಿದ್ದರೆ ನೀರು ಕೆಡುವುದು.

ಆಹಾರದಷ್ಟೇ ಮುಖ್ಯವಾದುದು ಅಡಗುದಾಣ. ಕೊಳವೆಯ ತುಂಡು, ತೆಂಗಿನ ಗರಿ, ಮರದ ರೆಂಬೆ, ಇವುಗಳ ವೆಚ್ಚ ಎಷ್ಟು ಮಾತ್ರ! ಆದರೂ ನಮ್ಮವರು ಮೀನಿಗೆ ಹಣ ಕೊಟ್ಟು ಗರಿಗೆ ಬೇಸರಿಸುವರು. ದೊಡ್ಡವನ್ನೂ ಚಿಕ್ಕವನ್ನೂ ಆಗಾಗ ಬೇರ್ಪಡಿಸತಕ್ಕದ್ದು.

ಹೊಂಡದ ಅಂಚಿನಲ್ಲಿ ಏಡಿ ಸತ್ತುಬಿದ್ದಂತೆ ಕಂಡರೆ ಮೊದಲು ಎತ್ತಿ ನೋಡಿರಿ. ಹಗುರವಾಗಿ, ಒಳಗೆ ಪೊಳ್ಳಾಗಿ, ಹಿಂಬದಿಯಲ್ಲಿ ಬಾಯ್ದೆರೆದಿದ್ದರೆ ಅದು ಕಳಚಿದ ಚಿಪ್ಪು. ಅದರ ಯಜಮಾನನು ಹತ್ತಿರದಲ್ಲೇ ಎಲ್ಲಿಯೋ ಮೆತ್ತಗೆ ಅಡಗಿರುವನು. ಆ ಸ್ಥಳದಲ್ಲಿ ಕೆಲವು ದಿನ ಬಲೆ ಆಡಿಸಬಾರದು.