ಥರ್ಮೋಕೋಲ್ ಕರಗುತ್ತದೆ, ಮಾಯವಾಗುವುದಿಲ್ಲ

ಮುಂಬಯಿ: ಮಹಾರಾಷ್ಟ್ರ ಸರಕಾರವು 2018ರಲ್ಲಿ ಥರ್ಮೋಕೋಲ್ ಅಲಂಕಾರಕ್ಕೆ ನಿಷೇಧ ಹೇರಿದರೂ ಟಿವಿ, ಫ್ರಿಜ್ ಪೆಟ್ಟಿಗೆಗಳ ಜತೆ ಅದು ನಮ್ಮ ಮನೆಗೆ ಬರುತ್ತಲೇ ಇದೆ. ಪೈಂಟ್ ಅಂಗಡಿಯ ಥಿನ್ನರ್ ಸುರಿದರೆ ದೊಡ್ಡ ಹಲಗೆಯೂ ಕ್ಷಣದಲ್ಲಿ ಕುಸಿಯುತ್ತದೆ. ಕಸ ಮುಗಿಯಿತೆಂದು ಅದನ್ನು ಮೋರಿಗೆ ಚೆಲ್ಲಬಹುದೇ? ಕೂಡದು.

ಥರ್ಮೋಕೋಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಗಾಳಿ. ಉಳಿದದ್ದು ಪಾಲಿಸ್ಟೈರೀನ್, ಅಂದರೆ ಮಲ್ಲಿಗೆ ಮಾಲೆಯಂತೆ ಪೋಣಿಸಿದ ಅಣುಗಳ ಉದ್ದ ಸರಪಳಿ. ಥಿನ್ನರ್ ಗಾಳಿಯನ್ನು ಹೊರಹಾಕುತ್ತದೆ, ಸರಪಳಿಯನ್ನು ತುಂಡರಿಸುವುದಿಲ್ಲ.

ದ್ರಾವಕ ಎಂತಹುದೋ ಸರಪಳಿಯ ನಡೆಯೂ ಅಂತಹುದು. ಒಗ್ಗುವ ದ್ರಾವಕದಲ್ಲಿ ಅದು ಬಿಡಿಸಿಕೊಂಡು ಹಿಗ್ಗುತ್ತದೆ, ದ್ರವ ಮಂದವಾಗುತ್ತದೆ. ಒಗ್ಗದ ದ್ರಾವಕದಲ್ಲಿ ಉಂಡೆಯಾಗಿ ಮುದುಡುತ್ತದೆ. ಲೋಕಲ್ ಟ್ರೈನಿನಲ್ಲಿ ಚೀಲ ಎದೆಗವಚಿಕೊಂಡವರು ಬೇಗ ನುಸುಳುವಂತೆ, ಒಂಟಿಯಾಗಿರುವ ಪುಟ್ಟ ಉಂಡೆ ಬೇಗ ಸಾಗುತ್ತದೆ. ಹಿಗ್ಗಿದ ಸರಪಳಿ ನಿಧಾನ. ಆದರೆ ಮುದುಡಿದ ಉಂಡೆಗಳು ಒಂದಕ್ಕೊಂದು ಅಂಟಿದರೆ ಗಡ್ಡೆಯಾಗಿ ತಳ ಸೇರುತ್ತವೆ.

ಇವೆರಡರ ನಡುವೆ ಸಮತೋಲದ ಉಷ್ಣತೆಯೊಂದಿದೆ. ಅದನ್ನು ವಿವರಿಸಿದವರು ಅಮೆರಿಕದ ಪಾಲ್ ಫ್ಲೋರಿ. ಪಾಲಿಮರ್ ಸಂಶೋಧನೆಗಾಗಿ ಅವರಿಗೆ 1974ರ ನೊಬೆಲ್ ಸಂದಿತು. ಸೈಕ್ಲೋಹೆಕ್ಸೇನ್ ಎಂಬ ದ್ರಾವಕದಲ್ಲಿ ಪಾಲಿಸ್ಟೈರೀನಿಗೆ ಅದು ಸುಮಾರು 34.5 ಡಿಗ್ರಿ ಸೆಲ್ಸಿಯಸ್. ನಮ್ಮ ಮೇ ತಿಂಗಳ ಮಧ್ಯಾಹ್ನದ ಸೆಕೆಯಷ್ಟೇ!

ಈಗ ಮೋರಿಯ ವಿಷಯ. ನೀರು ಪಾಲಿಸ್ಟೈರೀನಿಗೆ ಸುತರಾಂ ಒಗ್ಗದು. ಥಿನ್ನರ್ ಆವಿಯಾಗಿಯೋ ನೀರಿನಲ್ಲಿ ಬೆರೆತೋ ದೂರವಾದೊಡನೆ ಸರಪಳಿಗಳು ಒಟ್ಟುಗೂಡಿ ಅಂಟು ಗಡ್ಡೆಯಾಗುತ್ತವೆ, ಬಳಿಕ ಗಟ್ಟಿಯಾಗುತ್ತವೆ. ಹಗುರ ಕಸವಾಗಿದ್ದುದು ಪೈಪಿಗೆ ಅಂಟುವ ಪ್ಲಾಸ್ಟಿಕ್ ಆಗುತ್ತದೆ. 2005ರ ಜುಲೈ 26ರ ನೆರೆ ಕಂಡ ಊರಿಗೆ ಮೋರಿ ಕಟ್ಟಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಮೇಲಾಗಿ ಥಿನ್ನರ್ ಬೇಗ ಬೆಂಕಿ ಹಿಡಿಯುತ್ತದೆ, ಅದರ ಆವಿಯೂ ಹಾನಿಕರ. ಆದ್ದರಿಂದ ಥರ್ಮೋಕೋಲನ್ನು ಕರಗಿಸದೆ, ಸುಡದೆ ಒಣಕಸದೊಂದಿಗೆ ಕೊಡುವುದೇ ಲೇಸು.

ಮಾಟುಂಗಾದ ಮೈಸೂರು ಅಸೋಸಿಯೇಶನ್‌ಗೆ ಬಂದು ಹೋಗುವ ನಮ್ಮವರಿಗೆ ಅದೇ ಪರಿಸರದ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ ಹೊಸದಲ್ಲ. ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ 1933ರಲ್ಲಿ ಆರಂಭಗೊಂಡ ಈ ಸಂಸ್ಥೆಯಲ್ಲಿ ಪಾಲಿಮರ್ ಕಲಿಕೆಗೂ ಅವಕಾಶವಿದೆ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳಿಗೆ ಹೆತ್ತವರು ಈ ದಾರಿಯನ್ನೂ ತಿಳಿಸಲಿ.