ಒದ್ದೆ ಅಂಗೈಯಲ್ಲಿ ರ‍್ಯಾಕೆಟ್ ಜಾರದಿರಲಿ

ಮೀನು ಕೊಯ್ಯಲು ಕೂತ ಕರಾವಳಿಯ ಗೃಹಿಣಿಯರು ಅಂಗೈಗೆ ಒಂದಿಷ್ಟು ಬೂದಿ ಹಚ್ಚಿಕೊಳ್ಳುವುದುಂಟು. ಎಷ್ಟು ಅದುಮಿ ಹಿಡಿದರೂ ಜಾರುವ ಮೀನು ಬೂದಿ ಹಚ್ಚಿದ ಕೈಯಲ್ಲಿ ಸುಮ್ಮನೆ ನಿಲ್ಲುತ್ತದೆ. ಅಂದರೆ ಜಾರುವ ವಸ್ತುವನ್ನು ನಿಲ್ಲಿಸಲು ತೋಳ್ಬಲಕ್ಕಿಂತ ಕೈ ಮತ್ತು ವಸ್ತುವಿನ ನಡುವಿನ ಘರ್ಷಣೆ ಮುಖ್ಯ. ಅಡುಗೆಮನೆಯ ಈ ತಿಳಿವಳಿಕೆ ಟೆನಿಸ್ ಅಂಗಣಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಟೆನಿಸ್ ಕಲಿಯುವ ಮಕ್ಕಳಲ್ಲಿ ಕೆಲವರ ಅಂಗೈ ಆಟ ಶುರುವಾದ ಹತ್ತೇ ನಿಮಿಷದಲ್ಲಿ ಒದ್ದೆಯಾಗುತ್ತದೆ. ಚೆಂಡು ತಗುಲಿದೊಡನೆ ರ‍್ಯಾಕೆಟ್ ಕೈಯೊಳಗೆ ತಿರುಗುತ್ತದೆ, ಹೊಡೆತ ಎಲ್ಲಿಗೋ ಹೋಗುತ್ತದೆ. ಆಗ ಹೊರಗೆ ನಿಂತವರಿಂದ ಬರುವ ಸಲಹೆ ಒಂದೇ: "ಗಟ್ಟಿಯಾಗಿ ಹಿಡಿ!" ಕೆಲವರಂತೂ "ಹೆದರುಪುಕ್ಕಲ, ಅದಕ್ಕೇ ಕೈ ಬೆವರುತ್ತದೆ" ಎಂದು ನಗುತ್ತಾರೆ. ಇಂಥ ಮಾತು ಕೇಳಿ ಆಟವನ್ನೇ ಬಿಟ್ಟ ಮಕ್ಕಳೂ ಇದ್ದಾರೆ. ವಾಸ್ತವದಲ್ಲಿ ಇದು ಸರಿಪಡಿಸಬಹುದಾದ ಸಣ್ಣ ತೊಂದರೆ.

ಅಂಗೈ ಏಕೆ ಬೆವರುತ್ತದೆ?

ಮನುಷ್ಯನ ದೇಹದಲ್ಲಿ ಸುಮಾರು 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಅವು ಅತ್ಯಂತ ದಟ್ಟವಾಗಿರುವುದು ಅಂಗೈ ಮತ್ತು ಅಂಗಾಲುಗಳಲ್ಲಿ. ಬೆನ್ನು, ಎದೆಯ ಬೆವರು ಮುಖ್ಯವಾಗಿ ದೇಹವನ್ನು ತಂಪಾಗಿಡಲು ಬರುತ್ತದೆ. ಅಂಗೈಯ ಬೆವರಾದರೋ ಶಾಖಕ್ಕಿಂತ ಹೆಚ್ಚಾಗಿ ಮನಸ್ಸಿನ ಒತ್ತಡಕ್ಕೆ ಸ್ಪಂದಿಸುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಫ್ಯಾನ್ ಕೆಳಗೆ ಕುಳಿತರೂ ಉತ್ತರ ಪತ್ರಿಕೆಯ ಮೇಲೆ ಕರ್ಚೀಫ್ ಹಾಸಿಕೊಂಡು ಬರೆಯುವ ಮಕ್ಕಳನ್ನು ಶಿಕ್ಷಕರೆಲ್ಲರೂ ನೋಡಿರುತ್ತಾರೆ.

ಸ್ವಲ್ಪ ತೇವ ಇದ್ದರೆ ಹಿಡಿತಕ್ಕೆ ಒಳ್ಳೆಯದೇ. ಕೊಡಲಿ ಎತ್ತುವ ಮುನ್ನ ಸೌದೆ ಒಡೆಯುವವನು ಅಂಗೈಗೆ ಉಗುಳಿಕೊಳ್ಳುವುದು ಇದೇ ಕಾರಣಕ್ಕೆ. ತೀರಾ ಒಣಗಿದ ಚರ್ಮ ಜಾರುತ್ತದೆ, ತುಸು ತೇವಗೊಂಡ ಚರ್ಮ ಹಿಡಿಯುತ್ತದೆ. ತೇವ ಮಿತಿಮೀರಿ ನೀರಿನ ಪದರವಾದಾಗ ಮತ್ತೆ ಜಾರುತ್ತದೆ. ಕಲಬುರಗಿ, ಬಳ್ಳಾರಿಯ ಒಣ ಬಿಸಿಲಿನಲ್ಲಿ ಬೆವರು ಬೇಗ ಆರುತ್ತದೆ. ಮಂಗಳೂರು, ಉಡುಪಿಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಆರದೆ ಕೈಯಲ್ಲೇ ಉಳಿಯುತ್ತದೆ. ಆದುದರಿಂದ ಕರಾವಳಿಯ ಮಕ್ಕಳು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕು.

ಅದುಮಿದರೆ ಪ್ರಯೋಜನವಿಲ್ಲ

ರ‍್ಯಾಕೆಟ್ ಜಾರುತ್ತದೆಂದು ಬಿಗಿಯಾಗಿ ಹಿಡಿದರೆ ಮುಂಗೈಯ ಸ್ನಾಯುಗಳು ಬೇಗ ದಣಿಯುತ್ತವೆ. ಮಣಿಕಟ್ಟು ಸೆಟೆದುಕೊಂಡು ಹೊಡೆತದ ವೇಗ ಕುಗ್ಗುತ್ತದೆ. ಇದೇ ಅಭ್ಯಾಸ ಮುಂದುವರಿದರೆ ಮೊಣಕೈಯ ಹೊರಭಾಗದಲ್ಲಿ 'ಟೆನಿಸ್ ಎಲ್ಬೋ' ಎಂಬ ನೋವು ಕಾಣಿಸಿಕೊಳ್ಳುವ ಸಾಧ್ಯತೆಯೂ ಇದೆ. ತರಬೇತುದಾರರು ಇದನ್ನು ಒಂದು ಲೆಕ್ಕದಲ್ಲಿ ವಿವರಿಸುತ್ತಾರೆ. ನಿಮ್ಮ ಪೂರ್ತಿ ಬಲದ ಹಿಡಿತಕ್ಕೆ 10 ಅಂಕ ಎಂದಾದರೆ, ಚೆಂಡಿಗಾಗಿ ಕಾಯುವಾಗ 3 ಅಥವಾ 4 ಅಂಕದಷ್ಟು ಹಿಡಿತ ಸಾಕು. ಚೆಂಡು ತಗಲುವ ಕ್ಷಣದಲ್ಲಿ ಕೈ ತಾನಾಗಿಯೇ ಬಿಗಿಯಾಗುತ್ತದೆ.

ಇಷ್ಟು ಸಡಿಲ ಹಿಡಿತದಲ್ಲಿ ರ‍್ಯಾಕೆಟ್ ನಿಲ್ಲಬೇಕಾದರೆ ಹಿಡಿಕೆಯ ಗಾತ್ರ ಸರಿಯಿರಬೇಕು. ದೊಡ್ಡವರ ರ‍್ಯಾಕೆಟ್‌ಗಳ ಹಿಡಿಕೆಯ ಸುತ್ತಳತೆ ಸಾಮಾನ್ಯವಾಗಿ 4 ಇಂಚಿನಿಂದ ನಾಲ್ಕೂವರೆ ಇಂಚಿನ ಆಸುಪಾಸಿನಲ್ಲಿರುತ್ತದೆ. ಪರೀಕ್ಷಿಸುವ ವಿಧಾನ ಸುಲಭ. ಆಡುವ ಕೈಯಿಂದ ಹಿಡಿಕೆಯನ್ನು ಹಿಡಿಯಿರಿ. ಬೆರಳ ತುದಿ ಮತ್ತು ಅಂಗೈಯ ಬುಡದ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಜಾಗವಿದ್ದರೆ ಗಾತ್ರ ಸರಿಯಾಗಿದೆ. ಅಣ್ಣನ ಹಳೆಯ ರ‍್ಯಾಕೆಟ್ಟನ್ನು ತಂಗಿಗೆ ಕೊಡುವ ಮನೆಗಳಲ್ಲಿ ಇದನ್ನು ಮೊದಲು ನೋಡಬೇಕು.

ಹಿಡಿಕೆಗೆ ಹೊಸ ಪಟ್ಟಿ

ಹೆಚ್ಚಿನ ಮಕ್ಕಳ ಸಮಸ್ಯೆಗೆ ಕಾರಣ ಹಿಡಿಕೆಯ ಮೇಲಿನ ಸವೆದ ಪಟ್ಟಿ. ವರ್ಷಗಟ್ಟಲೆ ಬೆವರು, ಧೂಳು ಕುಡಿದ ಪಟ್ಟಿ ನುಣುಪಾಗಿ ಹೊಳೆಯುತ್ತದೆ. ಅದು ಒಣಗಿರುವಾಗಲೇ ಜಾರುತ್ತದೆ, ಒದ್ದೆಯಾದರೆ ಕೇಳುವುದೇ ಬೇಡ. ಇದರ ಮೇಲೆ ಸುತ್ತುವ ತೆಳು ಪಟ್ಟಿಗೆ 'ಓವರ್‌ಗ್ರಿಪ್' ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಒಂದು ಮುಟ್ಟಿದರೆ ತುಸು ಅಂಟುವಂಥದ್ದು, ಇನ್ನೊಂದು ಬಟ್ಟೆಯಂತೆ ಒಣಗಿದ್ದು ಬೆವರನ್ನು ಹೀರುವಂಥದ್ದು. ಬಹಳ ಬೆವರುವ ಕೈಗೆ ಎರಡನೆಯದು ಸೂಕ್ತ. ಅಮೆರಿಕದ ಪೀಟ್ ಸಾಂಪ್ರಾಸ್ ಬಳಸುತ್ತಿದ್ದ ತಿಳಿನೀಲಿ ಬಣ್ಣದ 'ಟೂರ್ನಾ ಗ್ರಿಪ್' ಈ ಬಗೆಯದು. ಅದು ಒದ್ದೆಯಾದಷ್ಟೂ ಹೆಚ್ಚು ಹಿಡಿಯುತ್ತದೆ.

ಪಟ್ಟಿಯನ್ನು ಮನೆಯಲ್ಲೇ ಸುತ್ತಬಹುದು. ಹಳೆಯ ಓವರ್‌ಗ್ರಿಪ್ ತೆಗೆದು, ಕೆಳಗಿನ ಪಟ್ಟಿಯನ್ನು ಒಣ ಬಟ್ಟೆಯಿಂದ ಒರೆಸಿ. ಹೊಸದರ ಮೇಲಿನ ಪ್ಲಾಸ್ಟಿಕ್ ಹಾಳೆ ಬಿಡಿಸಿ, ಚೂಪಾದ ತುದಿಯನ್ನು ಹಿಡಿಕೆಯ ಬುಡಕ್ಕೆ ಅಂಟಿಸಿ. ಸ್ವಲ್ಪ ಎಳೆದು ಹಿಡಿದು, ಒಂದು ಸುತ್ತಿನ ಅಂಚಿನ ಮೇಲೆ ಇನ್ನೊಂದು ತುಸುವೇ ಕೂರುವಂತೆ ಓರೆಯಾಗಿ ಮೇಲಕ್ಕೆ ಸುತ್ತುತ್ತಾ ಹೋಗಿ. ಕೊನೆಯಲ್ಲಿ ಟೇಪ್ ಹಾಕಿ. ಹಳೆಯದರ ಮೇಲೆಯೇ ಹೊಸದನ್ನು ಸುತ್ತಬಾರದು, ಹಿಡಿಕೆ ದಪ್ಪವಾಗುತ್ತದೆ. ಪಟ್ಟಿ ನುಣುಪಾದೊಡನೆ ಅಥವಾ ಎಳೆ ಬಿಡತೊಡಗಿದೊಡನೆ ಬದಲಿಸಬೇಕು. ಹೊಸ ರ‍್ಯಾಕೆಟ್ಟಿನ ಬೆಲೆಗೆ ಹೋಲಿಸಿದರೆ ಈ ಖರ್ಚು ತೀರಾ ಅಲ್ಪ.

ಒಣಗಿಸುವ ಅಭ್ಯಾಸ

ಟೆನಿಸ್‌ನಲ್ಲಿ ಒಂದು ಅಂಕಕ್ಕೂ ಮುಂದಿನ ಅಂಕಕ್ಕೂ ನಡುವೆ 25 ಸೆಕೆಂಡು, ಬದಿ ಬದಲಿಸುವಾಗ 90 ಸೆಕೆಂಡು ಬಿಡುವಿದೆ. ಒಳ್ಳೆಯ ಆಟಗಾರರು ಇದನ್ನು ವ್ಯರ್ಥ ಮಾಡುವುದಿಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಚೆಂಡು ಹೆಕ್ಕುವ ಮಕ್ಕಳು ಟವೆಲ್ ಕೊಡುವುದು ನಿಂತಾಗ, ಆಟಗಾರರು ತಾವೇ ನಡೆದುಹೋಗಿ ಟವೆಲ್ ತರತೊಡಗಿದರೇ ಹೊರತು ಒರೆಸಿಕೊಳ್ಳುವುದನ್ನು ಬಿಡಲಿಲ್ಲ. ಈ ಕೆಳಗಿನ ಅಭ್ಯಾಸಗಳನ್ನು ನಮ್ಮ ಮಕ್ಕಳಿಗೂ ಕಲಿಸಬಹುದು:

* ಅಂಗೈಯ ಜೊತೆ ಹಿಡಿಕೆಯನ್ನೂ ಒರೆಸಬೇಕು. ಇದಕ್ಕೆ ಹತ್ತಿಯ ಟವೆಲ್ ಒಳ್ಳೆಯದು. ಎರಡು ಟವೆಲ್ ಇದ್ದರೆ ಒಂದನ್ನು ಕೈಗೆಂದೇ ಒಣಗಿಸಿಡಿ.

* ಅಂಕಗಳ ನಡುವೆ ರ‍್ಯಾಕೆಟ್ಟನ್ನು ಇನ್ನೊಂದು ಕೈಗೆ ಕೊಟ್ಟು, ಆಡುವ ಕೈಯ ಬೆರಳುಗಳನ್ನು ಬಿಡಿಸಬೇಕು. ಗಾಳಿಯಾಡಿ ಕೈ ಆರುತ್ತದೆ, ಸ್ನಾಯುವಿಗೂ ವಿಶ್ರಾಂತಿ.

* ತೋಳಿನ ಬೆವರು ಇಳಿದು ಅಂಗೈ ಸೇರುತ್ತದೆ. ಮಣಿಕಟ್ಟಿಗೆ ಟವೆಲ್ ಬಟ್ಟೆಯ ಪಟ್ಟಿ ಧರಿಸಿದರೆ ಅದು ಅಲ್ಲಿಯೇ ತಡೆಯುತ್ತದೆ. ತುಂಬುತೋಳಿನ ಉಡುಪು ತೊಟ್ಟು ಆಡುವ ಹುಡುಗಿಯರು ಬೇಗ ಒಣಗುವ ಕ್ರೀಡಾ ಬಟ್ಟೆ ಆರಿಸಿ, ತೋಳಿನ ಅಂಚಿನ ಮೇಲೆ ಈ ಪಟ್ಟಿ ಹಾಕಿಕೊಳ್ಳಬಹುದು.

* ಆಟಕ್ಕೆ ಮುನ್ನ ತಲೆಗೆ ತೆಂಗಿನೆಣ್ಣೆ, ಮುಖಕ್ಕೆ ಕ್ರೀಮ್ ಹಚ್ಚಿದ್ದರೆ ಅಂಗೈಯನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಬೇಕು. ಎಣ್ಣೆಯ ಕೈಯಲ್ಲಿ ಯಾವ ಪಟ್ಟಿಯೂ ನಿಲ್ಲದು.

ನಮ್ಮ ಬೂದಿಯ ಉಪಾಯವನ್ನು ಹೋಲುವ ದಾರಿಯನ್ನು ಚೆಕ್ ಮೂಲದ ಇವಾನ್ ಲೆಂಡ್ಲ್ ಹಿಡಿದಿದ್ದರು. ಎಂಟು ಗ್ರ್ಯಾಂಡ್ ಸ್ಲಾಂ ಪ್ರಶಸ್ತಿ ಗೆದ್ದ ಇವರು 1980ರ ದಶಕದಲ್ಲಿ ಕಿಸೆಯಲ್ಲಿ ಮರದ ಹುಡಿ ಇಟ್ಟುಕೊಂಡು, ಹಿಡಿಕೆಗೆ ಹಚ್ಚಿಕೊಳ್ಳುತ್ತಿದ್ದರು. ಜಗತ್ತಿನ ಅಗ್ರ ಆಟಗಾರನಿಗೂ ಕೈ ಬೆವರುತ್ತಿತ್ತು ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರ ಅರ್ಧ ಸಂಕೋಚ ಕಳೆದೀತು.

ವೈದ್ಯರ ಬಳಿ ಯಾವಾಗ?

ಆಟ, ಬಿಸಿಲು, ಭಯ ಯಾವುದೂ ಇಲ್ಲದೆ ಅಂಗೈಯಿಂದ ಬೆವರು ತೊಟ್ಟಿಕ್ಕುತ್ತಿದ್ದರೆ, ಪುಸ್ತಕದ ಹಾಳೆ ಒದ್ದೆಯಾಗುತ್ತಿದ್ದರೆ ಅದು 'ಹೈಪರ್‌ಹೈಡ್ರೋಸಿಸ್' ಎಂಬ ಅತಿಬೆವರಿನ ತೊಂದರೆ ಇರಬಹುದು. ಇದು ಸಾಮಾನ್ಯವಾಗಿ ಬಾಲ್ಯ ಅಥವಾ ಹದಿಹರೆಯದಲ್ಲಿ ಎರಡೂ ಕೈಗಳಲ್ಲಿ ಕಾಣಿಸಿಕೊಳ್ಳುತ್ತದೆ, ನಿದ್ದೆಯಲ್ಲಿ ಇರುವುದಿಲ್ಲ, ಮನೆಯ ಹಿರಿಯರಲ್ಲೂ ಇರುವುದುಂಟು. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಶೇ. 2.8ರಷ್ಟು ಮಂದಿಗೆ ಅತಿಬೆವರಿನ ತೊಂದರೆ ಕಂಡುಬಂದಿತ್ತು.

ಚರ್ಮರೋಗ ತಜ್ಞರ ಬಳಿ ಇದಕ್ಕೆ ಚಿಕಿತ್ಸೆ ಇದೆ. ಮೊದಲಿಗೆ ರಾತ್ರಿ ಒಣ ಕೈಗೆ ಹಚ್ಚಿ ಬೆಳಗ್ಗೆ ತೊಳೆಯುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಕೊಡುತ್ತಾರೆ. ಅದು ಸಾಲದಿದ್ದರೆ, ಕೈಗಳನ್ನು ನೀರಿನಲ್ಲಿಟ್ಟು ಅತಿ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆ ಅಥವಾ ಬೊಟುಲಿನಂ ಚುಚ್ಚುಮದ್ದು ಇದೆ. ಶಸ್ತ್ರಚಿಕಿತ್ಸೆಯೂ ಇದೆಯಾದರೂ, ಆ ಬಳಿಕ ಬೆನ್ನು, ಹೊಟ್ಟೆಯಲ್ಲಿ ಬೆವರು ಹೆಚ್ಚುವುದುಂಟು, ಆದ್ದರಿಂದ ಅದು ಕೊನೆಯ ದಾರಿ. ಮೈಯೆಲ್ಲಾ ಬೆವರುವುದು, ರಾತ್ರಿ ಬೆವರುವುದು, ಜೊತೆಗೆ ತೂಕ ಇಳಿಯುವುದು ಅಥವಾ ಎದೆ ಬಡಿತ ಹೆಚ್ಚುವುದು ಕಂಡರೆ ತಡಮಾಡಬೇಡಿ. ಥೈರಾಯ್ಡ್‌ನಂಥ ಬೇರೆ ಕಾರಣ ಇರಬಹುದು.

ಮನೆಯವರು ಮಾಡಬೇಕಾದದ್ದು

ಒತ್ತಡದಿಂದ ಅಂಗೈ ಬೆವರುತ್ತದೆ. ಬೆವರಿದ್ದಕ್ಕೆ ಬೈಗುಳ ಸಿಕ್ಕಿದರೆ ಒತ್ತಡ ಇನ್ನಷ್ಟು ಏರುತ್ತದೆ, ಕೈ ಮತ್ತಷ್ಟು ಬೆವರುತ್ತದೆ. ಈ ಸುತ್ತನ್ನು ಮುರಿಯುವುದು ಮನೆಯವರ ಕೈಯಲ್ಲಿದೆ. ಪಂದ್ಯಕ್ಕೆ ಹೊರಟ ಮಗುವಿನ ಚೀಲದಲ್ಲಿ ಎರಡು ಟವೆಲ್, ಒಂದು ಹೊಸ ಓವರ್‌ಗ್ರಿಪ್, ಒಂದು ಬಾಟಲಿ ನೀರು ಇಡಿ. ಕೈ ಬೆವರುವುದು ತಪ್ಪಲ್ಲ ಎಂದು ಹೇಳಿ ಕಳುಹಿಸಿ. ಸಡಿಲವಾಗಿ ಹಿಡಿದು, ಮತ್ತೆ ಮತ್ತೆ ಒರೆಸಿಕೊಂಡು ಆಡುವ ಮಗುವಿನ ಕೈಯಲ್ಲಿ ರ‍್ಯಾಕೆಟ್ ನಿಲ್ಲುತ್ತದೆ.