ಆಮ್ಲಜನಕ ಅಳೆಯುವ ಕಡ್ಡಿಗೂ ಆರೈಕೆ ಬೇಕು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಬೆಟ್ಟಸಾಲಿನಲ್ಲಿ ಹುಟ್ಟಿ ಮಂಚೇನಹಳ್ಳಿ, ಗೌರಿಬಿದನೂರು ಸೀಮೆಗೆ ಇಳಿಯುವ ಉತ್ತರ ಪಿನಾಕಿನಿಯೂ ಮಳೆ ಬಂದರಷ್ಟೇ ಮೈದುಂಬುತ್ತದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬಂದ ಮೇಲೆ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕಂದವಾರ ಕೆರೆಯೂ ಸೇರಿ ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದೆ. ಎಷ್ಟು ನೀರು ಬಂತೆಂಬುದು ಕಣ್ಣಿಗೇ ಕಾಣುತ್ತದೆ. ಎಂಥ ನೀರು ಬಂತೆಂದು ತಿಳಿಯಲು ಮೊದಲು ನೋಡುವ ಅಂಕಿಗಳಲ್ಲೊಂದು, ಅದರಲ್ಲಿ ಕರಗಿರುವ ಆಮ್ಲಜನಕ. ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ.

ಇದನ್ನು ಅಳೆಯುವುದು ಡಿಓ (ಡಿಸಾಲ್ವ್ಡ್ ಆಕ್ಸಿಜನ್) ಮೀಟರ್. ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1950ರ ದಶಕದಲ್ಲಿ, ರಕ್ತದ ಆಮ್ಲಜನಕ ಅಳೆಯಲೆಂದು ರೂಪಿಸಿದ ವಿದ್ಯುದ್ವಾರವೇ ಇದರ ಮೂಲ. ಸೆನ್ಸರಿನ ತುದಿಯಲ್ಲಿ ಮದ್ದಳೆಯ ಚರ್ಮದಂತೆ ಬಿಗಿದ ತೆಳು ಪ್ಲಾಸ್ಟಿಕ್ ಪೊರೆ. ಒಳಗೆ ಲವಣದ್ರಾವಣ, ಚಿನ್ನ ಅಥವಾ ಪ್ಲಾಟಿನಂ ಕ್ಯಾಥೋಡ್, ಬೆಳ್ಳಿಯ ಆನೋಡ್. ಪೊರೆಯ ಮೂಲಕ ನುಸುಳಿದ ಆಮ್ಲಜನಕ ಕ್ಯಾಥೋಡ್‌ನಲ್ಲಿ ವ್ಯಯವಾದಷ್ಟೂ ವಿದ್ಯುತ್ ಹರಿಯುತ್ತದೆ. ಅಳೆಯುವ ಕಡ್ಡಿಯೇ ಆಮ್ಲಜನಕ ತಿನ್ನುವುದರಿಂದ ನಿಂತ ನೀರಿನಲ್ಲಿ ಅದನ್ನು ಆಡಿಸುತ್ತಿರಬೇಕು. ಇಲ್ಲವಾದರೆ ಅಂಕಿ ಸುಮ್ಮನೆ ಇಳಿಯುತ್ತದೆ.

ಕೆಡುವುದು ಹೆಚ್ಚಾಗಿ ಈ ಪೊರೆಯೇ. ಸುಕ್ಕಾದರೆ, ತೂತಾದರೆ, ಅದರಡಿ ಗಾಳಿಗುಳ್ಳೆ ಕೂತರೆ ಅಂಕಿ ತೂರಾಡುತ್ತದೆ. ಆಗ ಪೊರೆ, ದ್ರಾವಣ ಎರಡನ್ನೂ ಬದಲಿಸಬೇಕು. ಬಳಸದಿದ್ದಾಗ ತುದಿ ಒಣಗದಂತೆ ಒದ್ದೆ ಸ್ಪಂಜಿನ ಮುಚ್ಚಳದಲ್ಲಿಡಬೇಕು. ಕೆರೆಯಲ್ಲೇ ಬಿಟ್ಟ ಸೆನ್ಸರಿಗೆ ಪಾಚಿ ಮೆತ್ತಿಕೊಂಡರೆ ಅದು ಹಗಲು ಆಮ್ಲಜನಕ ಉಗುಳಿ, ರಾತ್ರಿ ಹೀರಿ, ಕೆರೆಯ ಬದಲು ತನ್ನ ಲೆಕ್ಕವನ್ನೇ ಒಪ್ಪಿಸುತ್ತದೆ. ಮೆದು ಬಟ್ಟೆಯಿಂದ ಆಗಾಗ ಒರೆಸುವುದೇ ಮದ್ದು. ಈಚಿನ ಬೆಳಕಿನ ಸೆನ್ಸರುಗಳಲ್ಲಿ ದ್ರಾವಣವಿಲ್ಲ: ನೀಲಿ ಬೆಳಕು ಬಿದ್ದು ಕೆಂಪಾಗಿ ಹೊಳೆಯುವ ಬಣ್ಣವನ್ನು ಆಮ್ಲಜನಕ ಮಂಕಾಗಿಸುತ್ತದೆ. ಇವಕ್ಕೆ ಆರೈಕೆ ಕಡಿಮೆ. ಆದರೆ ಕಾಲಕಾಲಕ್ಕೆ ಆ ಬಣ್ಣವಿರುವ ತುದಿಯ ಟೋಪಿ ಬದಲಿಸಲೇಬೇಕು, ಸ್ಪಿರಿಟ್ ಸೋಕಿಸಬಾರದು.

ಎಲ್ಲಕ್ಕಿಂತ ಮುಖ್ಯ ಕ್ಯಾಲಿಬ್ರೇಷನ್. ತೇವ ತುಂಬಿದ ಗಾಳಿಯಲ್ಲಿಟ್ಟು ನೂರು ಪ್ರತಿಶತ, ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿಟ್ಟು ಸೊನ್ನೆ ಹೊಂದಿಸುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಎಡವುವುದು ಇಲ್ಲೇ. 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಕಡಲ ಮಟ್ಟದಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಚಿಕ್ಕಬಳ್ಳಾಪುರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಿಡಿಯುವುದು 7.4ರಷ್ಟೇ. ತುಸು ತಗ್ಗಿನ ಮಂಚೇನಹಳ್ಳಿಗೆ ಇನ್ನೊಂದು ಲೆಕ್ಕ. ಊರಿನ ಒತ್ತಡ ನಮೂದಿಸದೆ ಮೀಟರನ್ನು ಕಡಲ ಮಟ್ಟಕ್ಕೇ ಹೊಂದಿಸಿದರೆ ಚಿಕ್ಕಬಳ್ಳಾಪುರದ ಕೆರೆಯಲ್ಲಿ ನಿಜವಾಗಿ 3.6 ಇದ್ದದ್ದು 4 ಎಂದು ಕಾಣುತ್ತದೆ. ನಪಾಸಾದ ಕೆರೆ ಕಾಗದದ ಮೇಲೆ ಪಾಸಾಗುತ್ತದೆ.

ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಪಾಚಿಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಉಕ್ಕಿ, ನಸುಕಿಗೆ ತಳ ಮುಟ್ಟುತ್ತದೆ. ಮೀನು ಮೇಲೆದ್ದು ಬಾಯಿ ಬಿಡುವುದು ಆಗಲೇ. ಹಾಗಾಗಿ ಯಾರಾದರೂ ನಿಮ್ಮೂರ ಕೆರೆಯ ಅಂಕಿ ಹೇಳಿದರೆ ಎರಡು ಪ್ರಶ್ನೆ ಕೇಳಿ: ಎಷ್ಟು ಗಂಟೆಗೆ ಅಳೆದಿರಿ? ಮೀಟರನ್ನು ಈ ಊರಿನ ಎತ್ತರಕ್ಕೆ ಹೊಂದಿಸಿದ್ದು ಯಾವಾಗ? ಉತ್ತರ ಸಿಗದಿದ್ದರೆ ಆ ಅಂಕಿಯನ್ನು ನಂಬಬೇಕಿಲ್ಲ.